ಶರಾವತಿ ಹಿನ್ನೀರಿನಲ್ಲಿ ಇಪ್ಪತ್ತೆರಡು ಹುಡುಗರ ಜೊತೆ ಏಳು ದಿನ

2025ರ ಏಪ್ರಿಲ್ ಕೊನೆಯ ವಾರ. ತಾಳಗುಪ್ಪದ ಹತ್ತಿರ ಹಿನ್ನೀರಿನ ದಂಡೆಯಲ್ಲಿ ಗಂಡುಮಕ್ಕಳ ಬೇಸಿಗೆ ಶಿಬಿರ ಇತ್ತು. ಹನ್ನೊಂದರಿಂದ ಹದಿನೈದು ವರ್ಷದ ಇಪ್ಪತ್ತೆರಡು ಹುಡುಗರು. ಸಹಾಯಕ್ಕೆ ದೊಡ್ಡವರು ಬೇಕು ಅಂದರು, ನಾನು ರಜೆ ಹಾಕಿ ಹೋದೆ. ನಿಜ ಹೇಳಬೇಕು ಅಂದರೆ ನಾನು ಹೋಗಿದ್ದು ತಂಗಿಯ ಮಗನಿಗಾಗಿ. ಮನೆಯಲ್ಲಿ ಅವನನ್ನು ಪುಟ್ಟ ಅಂತೀವಿ, ಹನ್ನೆರಡು ವರ್ಷ. ಎರಡು ವರ್ಷದ ಹಿಂದೆ ಈಜು ಕಲಿಸುವವರೊಬ್ಬರು "ಹಿಂಗೇ ಕಲಿಯೋದು" ಅಂತ ಅವನನ್ನು ಆಳದ ಕಡೆ ದೂಡಿಬಿಟ್ಟಿದ್ದರು. ಆಮೇಲೆ ಅವನು ಕೊಳದ ಹತ್ತಿರ ಹೋಗಿಲ್ಲ. ತಲೆಗೆ ನೀರು ಹಾಕಿಕೊಳ್ಳುವಾಗಲೂ ಕಣ್ಣು ಬಿಟ್ಟುಕೊಂಡೇ ಇರುತ್ತಾನೆ. ಅಂಥವನನ್ನು ನೀರಿನ ಶಿಬಿರಕ್ಕೆ ಕಳಿಸೋದು ಸರಿಯಾ ಅಂತ ತಂಗಿ ಹತ್ತು ಸಲ ಕೇಳಿದ್ದಳು.

ಮೊದಲನೇ ದಿನ

ಬೆಂಗಳೂರಿನಿಂದ ರಾತ್ರಿ ರೈಲು. ತಾಳಗುಪ್ಪ ಕೊನೆಯ ನಿಲ್ದಾಣ, ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಿಲ್ದಾಣ ತಪ್ಪುವ ಭಯ ಇಲ್ಲ, ಎಲ್ಲರೂ ಎದ್ದು ಚೀಲ ಎಣಿಸಿಕೊಂಡು ನಿಧಾನಕ್ಕೆ ಇಳಿಯಬಹುದು. ನಾವು ಎರಡು ಸಲ ಎಣಿಸಿದೆವು. ಇಪ್ಪತ್ತೆರಡು ಹುಡುಗರು, ಇಪ್ಪತ್ತೊಂದು ಚೀಲ. ಒಂದು ಚೀಲ ಸೀಟಿನ ಕೆಳಗೇ ಮಲಗಿತ್ತು.

ಊರು ದಾಟಿ ಸ್ವಲ್ಪ ದೂರ ಹೋದರೆ ಟಾರು ಮುಗಿದು ಕೆಂಪು ಮಣ್ಣಿನ ದಾರಿ. ಎರಡೂ ಕಡೆ ಅಕೇಶಿಯಾ ನೆಡುತೋಪು, ನಡುನಡುವೆ ಒಂದೊಂದು ಅಡಿಕೆ ತೋಟ. ಜೀಪಿನ ಹಿಂದೆ ಎದ್ದ ಧೂಳು ಕೂರುವ ಮೊದಲೇ ಮರಗಳ ಸಾಲು ತಟ್ಟನೆ ನಿಂತುಹೋಯಿತು. ಮುಂದೆ ಬರೀ ನೀರು. ಆ ನೀರಿಗೂ ಮರಗಳಿಗೂ ನಡುವೆ ಅಗಲವಾದ ಬೋಳು ಪಟ್ಟಿ, ಬಿರುಕು ಬಿಟ್ಟ ಕೆಂಪು ನೆಲ. ಮಳೆಗಾಲ ಮುಗಿಯುವಾಗ ನೀರು ಆ ಮರಗಳ ಬುಡದವರೆಗೂ ಬರುತ್ತದಂತೆ. ಲಿಂಗನಮಕ್ಕಿ ಅಣೆಕಟ್ಟು ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಪೇಪರಿನಲ್ಲಿ ಪ್ರತಿ ವರ್ಷ ಓದುವ ಆ ಸಂಖ್ಯೆ ಅಲ್ಲಿ ಕಣ್ಣಿಗೇ ಕಾಣುತ್ತೆ, ಬೆಟ್ಟದ ಸುತ್ತ ಗೆರೆ ಎಳೆದ ಹಾಗೆ.

ತಿಂಡಿಗೆ ತೆಳ್ಳೇವು, ಜೋನಿಬೆಲ್ಲ, ತುಪ್ಪ. ಕಾಗದದಷ್ಟು ತೆಳುವಾದ ದೋಸೆ, ಒಬ್ಬೊಬ್ಬ ಹುಡುಗ ಏಳೆಂಟು ತಿಂದ. ಅಡುಗೆ ಭಟ್ಟರು ಕಾವಲಿ ಬಿಟ್ಟು ತಲೆ ಎತ್ತಲೇ ಇಲ್ಲ. "ತಿನ್ನು ಮಾಣಿ, ಹಿಟ್ಟು ಖಾಲಿ ಆಗಲ್ಲ" ಅಂತ ಹೇಳುತ್ತಲೇ ಇದ್ದರು.

ಟೆಂಟ್ ಹಾಕುವಾಗ ಗೂಟ ನೆಲಕ್ಕೆ ಇಳಿಯಲಿಲ್ಲ. ಜಂಬಿಟ್ಟಿಗೆ ನೆಲ, ಬೇಸಿಗೆಗೆ ಕಲ್ಲಾಗಿತ್ತು. ಕೊನೆಗೆ ಹಗ್ಗಗಳನ್ನು ದೊಡ್ಡ ಕಲ್ಲಿಗೆ ಕಟ್ಟಿದೆವು. ಅಲ್ಲಿಗೆ ಹೋಗುವವರು ಉದ್ದದ ಹಗ್ಗ ಜಾಸ್ತಿ ಇಟ್ಟುಕೊಳ್ಳಿ, ಗೂಟ ನಂಬಬೇಡಿ.

ಸಂಜೆ ಶಿಬಿರದ ಮೇಷ್ಟ್ರು ಎಲ್ಲರನ್ನೂ ಕೂರಿಸಿ ಮೊದಲು ಹೇಳಿದ್ದು ನೀರಿನ ಬಗ್ಗೆ ಅಲ್ಲ, ಉಣುಗಿನ ಬಗ್ಗೆ. ಸಾಗರದವರೇ ಅವರು, ಸುಮಾರು ನಲವತ್ತೈದು ವಯಸ್ಸು, ಮೆಲುದನಿ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯಲ್ಲೇ ಅದರ ಕಾಟ ಜಾಸ್ತಿ. ತರಗೆಲೆ ಮೇಲೆ ಕೂರಬೇಡಿ, ಉದ್ದ ಪ್ಯಾಂಟು ಹಾಕಿ, ಕಾಡಿಗೆ ಹೋಗುವ ಮೊದಲು ಉಣುಗು ಹತ್ತದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿ, ಸಂಜೆ ಒಬ್ಬರನ್ನೊಬ್ಬರು ನೋಡಿಕೊಳ್ಳಿ, ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದೆ. ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಬಂದು ಹೇಳಿ. ಮೊದಲ ದಿನ ನಗುತ್ತಾ ನೋಡಿಕೊಂಡವರು ಮೂರನೇ ದಿನದ ಹೊತ್ತಿಗೆ ಡಾಕ್ಟರ ಹಾಗೆ ಟಾರ್ಚ್ ಹಿಡಿದು ನೋಡುತ್ತಿದ್ದರು.

ಎರಡನೇ ದಿನ

ಬೆಳಿಗ್ಗೆ ಆರೂವರೆಗೆ ನೀರು ಕನ್ನಡಿ ಥರ ಇತ್ತು. ಲೈಫ್ ಜಾಕೆಟ್ ಹಾಕುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಬಕಲ್ ಹಾಕಿದರೆ ಸಾಲದು. ಪಕ್ಕದವನು ಭುಜದ ಪಟ್ಟಿ ಹಿಡಿದು ಮೇಲೆ ಎತ್ತಬೇಕು. ಜಾಕೆಟ್ ಕಿವಿವರೆಗೆ ಬಂದರೆ ಅದು ಸಡಿಲ, ಮತ್ತೆ ಬಿಗಿ ಮಾಡಬೇಕು. ಈಜು ಬಂದರೂ ಸರಿ, ಜಾಕೆಟ್ ಇಲ್ಲದೆ ಪಾದವೂ ಒದ್ದೆ ಆಗಬಾರದು ಅನ್ನುವುದು ನಿಯಮ. ನಾನೂ ಹಾಕಿಕೊಂಡೆ.

ಪುಟ್ಟ ಜಾಕೆಟ್ ಹಾಕಿಕೊಂಡು ದಂಡೆಯಲ್ಲೇ ನಿಂತಿದ್ದ. ಮುಖ ಬಿಳಿಚಿತ್ತು. ನಾನು ಹೋಗಿ ಕೈ ಹಿಡಿಯೋಣ ಅಂತ ಎದ್ದೆ, ಮೇಷ್ಟ್ರು ಕಣ್ಣಲ್ಲೇ ಬೇಡ ಅಂದರು. ಅವರು ಹೋಗಿ ಅವನ ಪಕ್ಕ, ಮೊಣಕಾಲುದ್ದದ ನೀರಿನಲ್ಲಿ ಸುಮ್ನೆ ಕೂತುಬಿಟ್ಟರು. ಏನೂ ಹೇಳಲಿಲ್ಲ. ನೀರಿನ ಅಡಿಯಿಂದ ಒಂದೊಂದೇ ಕಲ್ಲು ತೆಗೆದು ಪಕ್ಕಕ್ಕೆ ಇಡತೊಡಗಿದರು. ಸ್ವಲ್ಪ ಹೊತ್ತಿಗೆ ಇವನೂ ಬಗ್ಗಿ ಒಂದು ಕಲ್ಲು ತೆಗೆದ. ಆಮೇಲೆ ಕೂತ. ಹತ್ತು ಗಂಟೆ ಹೊತ್ತಿಗೆ ಇಬ್ಬರೂ ಸೊಂಟದವರೆಗೆ ನೀರಿನಲ್ಲಿ ಕೂತು ಕಲ್ಲಿನ ಕಟ್ಟೆ ಕಟ್ಟುತ್ತಿದ್ದರು. ಆವತ್ತು ಅವನ ಪಾಠ ಅಷ್ಟೇ. ಉಳಿದವರು ಕಯಾಕ್ ಮಗುಚಿ, ಮತ್ತೆ ಹತ್ತಿ, ಕೂಗಿ ಗಲಾಟೆ ಮಾಡುತ್ತಿದ್ದರು, ಇವನ ಕಡೆ ಯಾರೂ ತಿರುಗಿ ನೋಡಲಿಲ್ಲ. ನೋಡದೇ ಇದ್ದಿದ್ದು ಎಷ್ಟು ಒಳ್ಳೆಯದಾಯಿತು.

ಮಗುಚಿದಾಗ ಏನು ಮಾಡಬೇಕು ಅನ್ನೋದನ್ನು ಪ್ರತಿಯೊಬ್ಬನೂ ಮಾಡಿ ತೋರಿಸಬೇಕಿತ್ತು. ದೋಣಿ ಬಿಡಬಾರದು, ಹುಟ್ಟು ಬಿಡಬಾರದು, ದಡಕ್ಕೆ ಈಜಲು ಹೋಗಬಾರದು. ತೇಲುವ ದೋಣಿ ದೂರದಿಂದ ಕಾಣುತ್ತೆ, ತಲೆ ಕಾಣಲ್ಲ. ಇದನ್ನು ನಾನು ಬರೆದಿಟ್ಟುಕೊಂಡೆ.

ಮಧ್ಯಾಹ್ನ ಅನ್ನಕ್ಕೆ ಅಪ್ಪೆಹುಳಿ. ಅಪ್ಪೆಮಿಡಿ ಸಿಗುವ ಕಾಲ. ಭಟ್ಟರು ಮಿಡಿ ಮುರಿದು ಮೂಗಿಗೆ ಹಿಡಿದರು, ಆ ವಾಸನೆ ಈಗಲೂ ನೆನಪಿದೆ. ಬೆಂಗಳೂರಿನ ಹುಡುಗರು ಅದನ್ನು ಲೋಟದಲ್ಲಿ ಹಾಕಿಸಿಕೊಂಡು ಜ್ಯೂಸ್ ಥರ ಕುಡಿದರು.

ಮೂರನೇ ದಿನ

ಜೋಗಕ್ಕೆ ಹೋಗುವ ಆಸೆ ಹುಡುಗರಿಗೆ. ಆದರೆ ಅಲ್ಲಿ ಕಾಮಗಾರಿ ನಡೆಯುತ್ತಿದ್ದರಿಂದ ಪ್ರವೇಶ ಇರಲಿಲ್ಲ. ಅಷ್ಟು ಹತ್ತಿರ ಬಂದು ನೋಡದೆ ಹೋಗೋದಾ ಅಂತ ಬೇಸರಪಟ್ಟರು. ಬೇಸಿಗೆಯಲ್ಲಿ ನೀರೂ ಕಮ್ಮಿ, ಜೋಗ ನೋಡಬೇಕು ಅಂದರೆ ಜುಲೈ ನಂತರವೇ ಬರಬೇಕು.

ಬದಲಿಗೆ ತೆಪ್ಪ. ದೋಣಿಗೆ ಮುಂದೆ ಹಿಂದೆ ಇರುತ್ತೆ, ತೆಪ್ಪಕ್ಕೆ ಇಲ್ಲ. ಬುಟ್ಟಿ ಅದು. ಪಕ್ಕದಲ್ಲಿ ಹುಟ್ಟು ಹಾಕಿದರೆ ನಿಂತಲ್ಲೇ ತಿರುಗುತ್ತೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಕೂತು, ಹುಟ್ಟನ್ನು ಎದುರಿಗೆ ಚಾಚಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಎಂಟು ಬರೆದ ಹಾಗೆ ಕೈ ಆಡಬೇಕು. ಮೊದಲ ಅರ್ಧ ಗಂಟೆ ಎಲ್ಲರೂ ಬುಗುರಿ ಥರ ತಿರುಗಿದರು, ಒಬ್ಬನಿಗೆ ವಾಂತಿ ಬಂತು.

ಮಧ್ಯಾಹ್ನ ಮೂರರ ಮೇಲೆ ಗಾಳಿ ಎದ್ದಿತು. ಹಿನ್ನೀರಿನಲ್ಲಿ ಬೆಳಗಿನ ನೀರೇ ಬೇರೆ, ಮಧ್ಯಾಹ್ನದ ನೀರೇ ಬೇರೆ. ಇಬ್ಬರು ಹುಡುಗರಿದ್ದ ಒಂದು ತೆಪ್ಪ ದಡಕ್ಕೆ ತಿರುಗದೆ ಒಳಗೊಳಗೆ ಹೋಗತೊಡಗಿತು. ಅವರು ಎಷ್ಟು ಎಳೆದರೂ ಗಾಳಿ ಅದನ್ನು ಎಲೆಯ ಹಾಗೆ ತಳ್ಳುತ್ತಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೇಷ್ಟ್ರು ಸೀಟಿ ಹೊಡೆದರು, ಮೂರು ಸಲ. ಅಂದರೆ ಎಳೆಯೋದು ನಿಲ್ಲಿಸಿ, ಕೆಳಗೆ ಕೂತುಕೊಳ್ಳಿ ಅಂತ. ಹುಡುಗರು ಹುಟ್ಟು ಒಳಗೆ ಇಟ್ಟು ತೆಪ್ಪದ ತಳದಲ್ಲಿ ಕೂತರು. ಕಯಾಕಿನಲ್ಲಿ ಒಬ್ಬರು ಹಗ್ಗ ತೆಗೆದುಕೊಂಡು ಹೋಗಿ ಕಟ್ಟಿ ಎಳೆದು ತಂದರು. ಇಪ್ಪತ್ತು ನಿಮಿಷ ಆಗಿರಬಹುದು. ದಡಕ್ಕೆ ಬಂದ ಮೇಲೆ ಅವರಲ್ಲಿ ಚಿಕ್ಕವನು ಅತ್ತ. ಎಲ್ಲರೂ ಸುತ್ತ ಬಂದು ಕೂತರು. ಪುಟ್ಟ ಹೋಗಿ ತನ್ನ ಟವೆಲ್ ಕೊಟ್ಟ. "ನಂಗೂ ಹಂಗೇ ಆಗುತ್ತೆ" ಅಂದ. ಇಡೀ ದಿನದಲ್ಲಿ ಅವನು ಬೇರೆಯವರ ಜೊತೆ ಆಡಿದ ಮೊದಲ ಮಾತು ಅದು.

ನಾಲ್ಕನೇ ದಿನ

ಸಾಗರ ಪಟ್ಟಣದ ಮೇಲೆ ಹಾದು ಅಂಬಾರಗೋಡ್ಲು. ಹೊಳೆಬಾಗಿಲು ಅಂತ ಆ ಕಡೆಯವರ ಬಾಯಲ್ಲಿ. ಅಲ್ಲಿಂದ ಆಚೆ ದಡದ ಕಳಸವಳ್ಳಿಗೆ ಲಾಂಚ್. ಪಕ್ಕದಲ್ಲೇ ಹೊಸ ಸೇತುವೆ, ಕೆಲಸ ಮುಗಿಯುತ್ತಾ ಬಂದಿತ್ತು, ಎರಡೂವರೆ ಕಿಲೋಮೀಟರಿನಷ್ಟು ಉದ್ದ. ಕಂಬಗಳಿಂದ ಇಳಿದ ಕೇಬಲ್ಲುಗಳು ವೀಣೆಯ ತಂತಿಗಳ ಹಾಗೆ. ಹುಡುಗರಿಗೆ ಸೇತುವೆ ಮೇಲೆ ಕಣ್ಣು, ನನಗೆ ಲಾಂಚಿನ ಮೇಲೆ. ಬಸ್ಸು, ಕಾರು, ಬೈಕು, ಹಾಲಿನ ಕ್ಯಾನು, ಮದುವೆಗೆ ಹೊರಟ ಒಂದು ಮನೆಯವರು, ಸಿಗಂದೂರು ಚೌಡೇಶ್ವರಿಯ ಭಕ್ತರು, ಎಲ್ಲ ಒಂದೇ ಹಲಗೆಯ ಮೇಲೆ. ರಜೆಯ ದಿನವಾದರೆ ಆಗ ಗಾಡಿಗಳ ಸಾಲೇ ಗಂಟೆಗಟ್ಟಲೆ ಇರುತ್ತಿತ್ತು. ನಾವು ನಡೆದು ಹತ್ತಿದ್ದರಿಂದ ಬೇಗ ಜಾಗ ಸಿಕ್ಕಿತು.

ಲಾಂಚಿನ ಅಂಚಿನ ಕಂಬಿ ಹಿಡಿದು ಪುಟ್ಟ ಒಬ್ಬ ಅಜ್ಜಿಯ ಪಕ್ಕ ನಿಂತಿದ್ದ. ಎಪ್ಪತ್ತರ ಹತ್ತಿರದವರು, ಮಡಿಲಲ್ಲಿ ಔಷಧಿ ಚೀಟಿ, ಸಾಗರದ ಆಸ್ಪತ್ರೆಯಿಂದ ವಾಪಸ್ ಹೊರಟಿದ್ದರು. ಇವನು ಕೇಳಿದ, "ಅಜ್ಜಿ, ನಿಮ್ಮನೆ ಆ ಕಡೆನಾ?" ಅವರು ಆಚೆ ದಡ ತೋರಿಸಿದರು. ಆಮೇಲೆ ಕೈಯನ್ನು ಹಾಗೇ ಕೆಳಗೆ ಇಳಿಸಿ ನೀರು ತೋರಿಸಿದರು.

"ಈಗ ಅಲ್ಲಿ. ಮುಂಚೆ ಇಲ್ಲಿ."

ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅವರಿಗೆ ಆಗ ಏಳೋ ಎಂಟೋ ವರ್ಷ. ನೀರು ಬರುತ್ತೆ ಅಂತ ಹೇಳಿದ್ದರಂತೆ, ಆದರೆ ಗದ್ದೆಯವರೆಗೆ ಬರುವ ತನಕ ದೊಡ್ಡವರು ಯಾರೂ ನಂಬಿರಲಿಲ್ಲವಂತೆ. "ಅಪ್ಪ ಬಾಗಿಲು ಕಿತ್ತು ಗಾಡಿ ಮೇಲೆ ಹಾಕ್ಕಂಡ. ಚೌಕಟ್ಟು ಸಮೇತ. ಹೊಸ ಮನೆಗೂ ಅದೇ ಬಾಗಿಲು ಮಗಾ, ಈಗ್ಲೂ ಅದೇ." ದನ ಮಾತ್ರ ಮೂರು ಸಲ ವಾಪಸ್ ಹಳೆ ಮನೆಗೇ ಹೋದವಂತೆ, ಅಲ್ಲಿ ನೀರು ಕಂಡು ನಿಂತು ಕೂಗುತ್ತಿದ್ದವಂತೆ. ಜಮೀನಿನ ಹಕ್ಕುಪತ್ರ ಇನ್ನೂ ಪೂರ್ತಿ ಆಗಿಲ್ಲ ಅಂದರು. ಕೋಪ ಇರಲಿಲ್ಲ ದನಿಯಲ್ಲಿ. ಅದೇ ನನಗೆ ಜಾಸ್ತಿ ನೋವಾಯಿತು. ಶರಾವತಿ ವಿದ್ಯುದಾಗಾರ 1035 ಮೆಗಾವಾಟಿನದು, ನಾವು ಊರಲ್ಲಿ ಸ್ವಿಚ್ ಒತ್ತುತ್ತೇವೆ, ದೀಪ ಹತ್ತುತ್ತದೆ. ಮುಳುಗಡೆಯಾದವರು ಅರವತ್ತು ವರ್ಷದ ಮೇಲೂ ಕಾಗದಕ್ಕೆ ಓಡಾಡುತ್ತಿದ್ದಾರೆ. ಇದು ಸರಿಯಲ್ಲ.

ಲಾಂಚಿನ ಕೆಲಸದವರೊಬ್ಬರು ಮಾತಿಗೆ ಬಂದರು. ಲಿಂಗನಮಕ್ಕಿಗಿಂತ ಮುಂಚೆ ಇನ್ನೊಂದು ಅಣೆಕಟ್ಟು ಇತ್ತಲ್ಲ, 1948ರ ಹಿರೇಭಾಸ್ಕರ, ಮಡೆನೂರು ಡ್ಯಾಮ್ ಅಂತಲೂ ಕರೆಯುತ್ತಾರೆ, ಅದೂ ಈ ನೀರಿನ ಒಳಗೇ ಇದೆ, ನೀರು ತೀರಾ ಇಳಿದ ವರ್ಷ ಎದ್ದು ಕಾಣುತ್ತೆ ಅಂದರು. ಸೇತುವೆ ಆದರೆ ನಿಮ್ಮ ಕೆಲಸ ಅಂತ ಕೇಳಿದೆ. "ಅದು ಆಗ್ಲಿ ಬಿಡಿ. ರಾತ್ರಿ ಹೆರಿಗೆ ನೋವು ಬಂದ್ರೆ ಈ ಕಡೆಯೋರು ಎಂತ ಮಾಡ್ಬೇಕು? ಸಂಜೆ ಮೇಲೆ ಲಾಂಚ್ ಇಲ್ಲ."

ಅಜ್ಜಿ ಇಳಿಯುವಾಗ ಪುಟ್ಟನ ಕೈಗೆ ಒಂದು ಹಿಡಿ ಸಂಪಿಗೆ ಹಣ್ಣು ಹಾಕಿ ಹೋದರು. ಅವನು ಅವತ್ತು ಪೂರ್ತಿ ಹೆಚ್ಚು ಮಾತಾಡಲಿಲ್ಲ. ರಾತ್ರಿ ಕೊಡಚಾದ್ರಿಯ ಬುಡದ ಊರಿನ ಒಂದು ಮನೆಯ ಜಗುಲಿಯಲ್ಲಿ ಮಲಗಿದ್ದಾಗ ಕೇಳಿದ, "ಮಾಮ, ದನಗಳಿಗೆ ಯಾರು ಹೇಳಿರ್ತಾರೆ?"

ಐದನೇ ದಿನ

ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸಿದರು. ಐದೂವರೆಗೆ ಕೊಡಚಾದ್ರಿ ಬೆಟ್ಟಕ್ಕೆ ನಡಿಗೆ ಶುರು. ಸೂರ್ಯಾಸ್ತ ನೋಡೋಕೆ ಎಲ್ಲರೂ ಸಂಜೆ ಹತ್ತುತ್ತಾರೆ, ನಾವ್ಯಾಕೆ ಬೆಳಿಗ್ಗೆ ಅಂತ ಹುಡುಗರು ಗೊಣಗಿದರು. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಬರುತ್ತೆ, ಎರಡು ಗಂಟೆಯೊಳಗೆ ಬೋಳುಗುಡ್ಡ ಬಿಟ್ಟು ಇಳಿದಿರಬೇಕು ಅಂದರು ಮೇಷ್ಟ್ರು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿದ್ದರು, ಅದನ್ನು ಕೊನೆ ಗಳಿಗೆಗೆ ಬಿಡಬೇಡಿ.

ಜೀಪಿನ ದಾರಿ ಹಿಡಿದು ಹತ್ತಿದೆವು. ದಾರಿ ಅನ್ನೋದಕ್ಕಿಂತ ಕೊರಕಲು ಅನ್ನಬೇಕು. ಪಕ್ಕದಲ್ಲಿ ಹೋದ ಜೀಪುಗಳಲ್ಲಿ ಕೂತವರು ಕಂಬಿಗೆ ಜೋತುಬಿದ್ದಿದ್ದರು. ನಡೆಯೋದೇ ಸುಖ. ನೆರಳು ಇರುವ ಕಡೆ ತಣ್ಣಗೆ, ನೆರಳು ಮುಗಿದ ಕೂಡಲೇ ಬಿಸಿಲು ಕೆನ್ನೆಗೆ ಹೊಡೆಯುತ್ತೆ. ತಲಾ ಎರಡು ಲೀಟರ್ ನೀರು ಇತ್ತು, ಮೂರು ಬೇಕಿತ್ತು. ಮೂಲ ಮೂಕಾಂಬಿಕೆ ಗುಡಿಯ ಎದುರು ಎತ್ತರದ ಕಬ್ಬಿಣದ ಕಂಬ ಇದೆ, ದೇವಿಯ ತ್ರಿಶೂಲ ಅಂತ ನಂಬಿಕೆ. ಅಲ್ಲಿಂದ ತುದಿಯವರೆಗೆ ಕಾಲುದಾರಿ. 1343 ಮೀಟರ್ ಎತ್ತರದಲ್ಲಿ ಸರ್ವಜ್ಞ ಪೀಠ, ನಾಲ್ಕು ಗೋಡೆಯ ಪುಟ್ಟ ಕಲ್ಲಿನ ಗುಡಿ, ಶಂಕರಾಚಾರ್ಯರು ತಪಸ್ಸು ಮಾಡಿದ ಜಾಗ ಅಂತ ಹೇಳುತ್ತಾರೆ. ಪಶ್ಚಿಮಕ್ಕೆ ಕಾಡು ಧುಮುಕಿದ ಹಾಗೆ ಇಳಿಯುತ್ತೆ, ಕೊಲ್ಲೂರಿನ ಕಡೆಗೆ. ಸಮುದ್ರ ಕಾಣಲಿಲ್ಲ, ಮಬ್ಬು ಕವಿದಿತ್ತು. ಆದರೆ ಪೂರ್ವಕ್ಕೆ ತಿರುಗಿದರೆ ದೂರದಲ್ಲಿ ಹಿನ್ನೀರಿನ ಒಂದು ಚೂರು ಹೊಳೆಯುತ್ತಿತ್ತು. ಅದು ನಾವು ತೆಪ್ಪ ಹಾಕಿದ ನೀರೇ ಅಂತ ಹುಡುಗರು ಹಟ ಮಾಡಿದರು.

ಅಲ್ಲೇ ಕೂತು ಮೊಸರವಲಕ್ಕಿ, ಮಿಡಿ ಉಪ್ಪಿನಕಾಯಿ ತಿಂದೆವು. ಗಾಳಿಗೆ ಬಾಳೆಲೆ ಹಾರಿಹೋಗದ ಹಾಗೆ ಒಬ್ಬರ ಎಲೆಯನ್ನು ಇನ್ನೊಬ್ಬರು ಹಿಡಿದುಕೊಂಡು.

ಒಂದು ಗಂಟೆಗೆ ಇಳಿಯಲು ಹೊರಟೆವು. ಆಕಾಶ ಶುಭ್ರವಾಗಿತ್ತು. ಹದಿನೈದು ವರ್ಷದ ಇಬ್ಬರು ಇನ್ನೂ ಸ್ವಲ್ಪ ಹೊತ್ತು ಇರೋಣ ಅಂತ ಕೇಳಿಕೊಂಡರು. ಮೇಷ್ಟ್ರು ಒಪ್ಪಲಿಲ್ಲ. ಮೂರೂಕಾಲಿಗೆ ನಾವು ಕಾಡಿನೊಳಗೆ ಕೆಳಗಿದ್ದಾಗ ಮೊದಲ ಗುಡುಗು. ಹಿಂದೆ ತಿರುಗಿದರೆ ತುದಿ ಕಪ್ಪಗಾಗಿತ್ತು, ಅಲ್ಲೇ ಮಿಂಚು ಹೊಡೆಯುತ್ತಿತ್ತು. ಆ ಇಬ್ಬರು ಹುಡುಗರು ಮೇಲೆ ನೋಡಿ, ಆಮೇಲೆ ಮೇಷ್ಟ್ರ ಕಡೆ ನೋಡಿದರು. ಮಳೆ ಆಲಿಕಲ್ಲಿನ ಜೊತೆ ಬಂತು. ಜಗುಲಿ ಸೇರುವಷ್ಟರಲ್ಲಿ ಎಲ್ಲರೂ ತೊಪ್ಪೆ. ಮನೆಯವರು ಮುರುಗಲ ಪಾನಕ ಕೊಡಲು ಹೊರಟಿದ್ದವರು ಅದನ್ನು ಬಿಟ್ಟು ಬಿಸಿ ಕಷಾಯ ಮಾಡಿದರು. ಮೊದಲ ಮಳೆಗೆ ಮಣ್ಣಿನ ವಾಸನೆ, ಕಷಾಯದ ಜೀರಿಗೆ ವಾಸನೆ, ಒದ್ದೆ ಕಾಲುಚೀಲದ ವಾಸನೆ. ಬಟ್ಟೆಯನ್ನು ಎರಡು ಪದರ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟುಕೊಂಡವರಿಗೆ ಮಾತ್ರ ಒಣಬಟ್ಟೆ ಸಿಕ್ಕಿತು.

ಆರನೇ ದಿನ

ಮತ್ತೆ ಶಿಬಿರಕ್ಕೆ. ಸಂಜೆ ದ್ವೀಪದಲ್ಲಿ ತಂಗುವುದು. ಅದೊಂದು ಗುಡ್ಡದ ತಲೆ, ಸುತ್ತ ನೀರು ಬಂದಿದ್ದರಿಂದ ದ್ವೀಪ ಆಗಿದೆ.

ಬೆಳಿಗ್ಗೆ ಮೇಷ್ಟ್ರು ಪುಟ್ಟನನ್ನು ಕೇಳಿದರು, ಕಯಾಕಾ, ತೆಪ್ಪವಾ, ಅಥವಾ ದಡದಲ್ಲಿ ಭಟ್ಟರ ಜೊತೆ ಇರ್ತೀಯಾ, ಮೂರೂ ಒಂದೇ ನಂಗೆ. ಇವನು ತುಂಬಾ ಹೊತ್ತು ಯೋಚಿಸಿದ. ಆಮೇಲೆ ತಾನೇ ನೀರಿಗೆ ಇಳಿದ. ಎದೆಮಟ್ಟಕ್ಕೆ ಹೋಗಿ ನಿಂತ. ಮೂಗು ಹಿಡಿದುಕೊಂಡು ತಲೆ ಮುಳುಗಿಸಿದ, ಎದ್ದ. ಇನ್ನೊಂದು ಸಲ, ಈ ಸಲ ಮೂಗು ಹಿಡಿಯದೆ. ನಾನು ದಡದಲ್ಲಿ ಕಲ್ಲಿನ ಮೇಲೆ ಕೂತಿದ್ದೆ, ಎದ್ದು ಚಪ್ಪಾಳೆ ತಟ್ಟಬೇಕು ಅನಿಸಿತು, ತಟ್ಟಲಿಲ್ಲ. ಮಧ್ಯಾಹ್ನದ ಗಾಳಿ ಇಳಿದ ಮೇಲೆ ಮೂರನೇ ದಿನ ಅತ್ತಿದ್ದ ಆ ಚಿಕ್ಕ ಹುಡುಗನ ಜೊತೆ ಒಂದೇ ತೆಪ್ಪದಲ್ಲಿ ಕೂತ. ಇಬ್ಬರೂ ಸರದಿಯಲ್ಲಿ ಹುಟ್ಟು ಹಾಕಿದರು. ಪಕ್ಕದಲ್ಲೇ ಮೇಷ್ಟ್ರ ಕಯಾಕ್. ನೀರಿನಿಂದ ಎದ್ದ ಒಣಮರದ ಬೊಡ್ಡೆಗಳ ನಡುವೆ ದಾರಿ. ಅವೆಲ್ಲ ಆಗ ಮುಳುಗಿದ ಕಾಡಿನ ಮರಗಳು, ಇಷ್ಟು ವರ್ಷದ ಮೇಲೂ ಕೊಳೆತಿಲ್ಲ. ಒಂದೊಂದರ ಮೇಲೆ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿತ್ತು.

ದ್ವೀಪದ ಇಳಿಜಾರಿನಲ್ಲಿ, ನೀರು ಹಿಂದೆ ಸರಿದ ಜಾಗದಲ್ಲಿ, ಜಂಬಿಟ್ಟಿಗೆಯ ಒಂದು ಸಾಲು ಸಿಕ್ಕಿತು. ನೇರವಾದ ಸಾಲು, ಒಂದು ಕಡೆ ಮೂಲೆ ತಿರುಗಿತ್ತು. ಗದ್ದೆಯ ಅಂಚೋ, ಮನೆಯ ಪಾಗಾರವೋ. ಹುಡುಗರು ಅದರ ಮೇಲೆ ಕುಣಿಯುತ್ತಿದ್ದರು. ಪುಟ್ಟ "ಅದು ಯಾರದೋ ಮನೆ ಕಣ್ರೋ" ಅಂದ, ಜೋರಾಗಿ ಅಲ್ಲ. ಎಲ್ಲರೂ ಇಳಿದರು. ಯಾರೂ ನಗಲಿಲ್ಲ. ಆಮೇಲೆ ಆ ಮೂಲೆಯಲ್ಲಿ ಬಾಗಿಲು ಎಲ್ಲಿ ಇದ್ದಿರಬಹುದು ಅಂತ ಹುಡುಕುತ್ತಾ ಕತ್ತಲಾಗುವ ತನಕ ಓಡಾಡಿದರು. ಲಾಂಚಿನ ಅಜ್ಜಿಯ ಬಾಗಿಲಿನ ಕಥೆ ಅಷ್ಟರಲ್ಲಿ ಇಪ್ಪತ್ತೆರಡು ಜನಕ್ಕೂ ಗೊತ್ತಾಗಿತ್ತು.

ರಾತ್ರಿ ಒಲೆ ಹೂಡಿ ಅನ್ನ ಮಾಡಿದರು, ಅರ್ಧ ಬೆಂದಿತ್ತು, ಅರ್ಧ ಸೀದಿತ್ತು. ಭಟ್ಟರು ಕಟ್ಟಿಕೊಟ್ಟ ಒಂದೆಲಗದ ತಂಬುಳಿ ಇದ್ದಿದ್ದರಿಂದ ಒಂದು ಅಗುಳೂ ಉಳಿಯಲಿಲ್ಲ. ಬೆಂಕಿಯನ್ನು ನೀರು ಹಾಕಿ ಆರಿಸಿ, ಕೈ ಇಟ್ಟು ನೋಡಿ, ಮತ್ತೆ ನೀರು ಹಾಕಿಸಿದರು ಮೇಷ್ಟ್ರು. ಬೇಸಿಗೆ ಕಾಡಿನಲ್ಲಿ ಒಂದು ಕಿಡಿ ಸಾಕು. ಚಂದ್ರ ಇರಲಿಲ್ಲ. ನಕ್ಷತ್ರ ನೀರಿನಲ್ಲೂ ಇದ್ದವು.

ಏಳನೇ ದಿನ

ಬೆಳಿಗ್ಗೆ ದಡಕ್ಕೆ ವಾಪಸ್. ಟೆಂಟ್ ಬಿಚ್ಚಿ, ಕಸ ಹೆಕ್ಕಿ, ಕೊನೆಯ ಸಲ ಉಣುಗು ನೋಡಿಕೊಂಡು, ತಿಂಡಿ ತಿಂದು ಹೊರಟೆವು. ಎಲ್ಲರೂ ಚೆನ್ನಾಗಿದ್ದರು. ಜ್ವರ ಬಂದರೆ ಎರಡು ವಾರದವರೆಗೂ ಡಾಕ್ಟರಿಗೆ ಮಲೆನಾಡಿಗೆ ಹೋಗಿದ್ದೆವು ಅಂತ ಮೊದಲೇ ಹೇಳಿ ಅಂತ ಪ್ರತಿಯೊಬ್ಬರ ಮನೆಗೂ ಚೀಟಿ ಬರೆದು ಕೊಟ್ಟರು. ಭಟ್ಟರು ರೈಲಿಗೆ ಅಂತ ಬಾಳೆಲೆಯಲ್ಲಿ ಚಿತ್ರಾನ್ನ ಕಟ್ಟಿದ್ದರು. ತಂಗಿ ಫೋನಿನಲ್ಲಿ ಮೊದಲು ಕೇಳಿದ್ದು, ನೀರಿಗೆ ಇಳಿದನಾ? ಅವನನ್ನೇ ಕೇಳು ಅಂತ ಫೋನ್ ಕೊಟ್ಟೆ. ಅವನು ತೆಪ್ಪದ ಬಗ್ಗೆ ಒಂದೇ ಮಾತು ಹೇಳಿದ, ಉಳಿದಿದ್ದೆಲ್ಲ ದನಗಳ ಬಗ್ಗೆ.

ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯಿತು. ಟೀವಿಯಲ್ಲಿ ತೋರಿಸುವಾಗ ಪುಟ್ಟನಿಗೆ ಫೋನ್ ಮಾಡಿದೆ. ಅವನೂ ನೋಡುತ್ತಿದ್ದ.

"ಮಾಮ, ಇನ್ನು ಅಜ್ಜಿ ಆಸ್ಪತ್ರೆಗೆ ಬಸ್ಸಲ್ಲೇ ಹೋಗ್ತಾರೆ ಅಲ್ವಾ?"

"ಹೂಂ, ರಾತ್ರಿನೂ ಹೋಗಬಹುದು."

"ಮೇಲಿಂದ ಅವರ ಮನೆ ಜಾಗ ಕಾಣುತ್ತಾ?"

ನೀರು ಇಳಿದಾಗ ಹೋಗಿ ನೋಡೋಣ ಅಂದೆ. ಮುಂದಿನ ಏಪ್ರಿಲ್‌ಗೆ ಈಗಲೇ ರಜೆ ಬರೆದಿಟ್ಟಿದ್ದೇನೆ.